ಒಂದು ಹಿಡಿ ಗೊಬ್ಬರ

ಜೌಗಿನ ನಡುವಿನ ಹಲಗೆ ಮನೆಯಿಂದ,
ಗುರುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಬೆನ್ನು ನೋವು ಕಡಿಮೆಯಾಯಿತೆ? ಇಡೀ ದಿನ ಹೊಲಿಗೆ ಮಷೀನಿನ ಮುಂದೆ ಬಗ್ಗಿ ಕೂರಬೇಡ, ನಡುನಡುವೆ ಎದ್ದು ಓಡಾಡು ಅಂತ ಡಾಕ್ಟರು ಹೇಳಿದ್ದು ನೆನಪಿದೆ ತಾನೆ? ಅಪ್ಪನ ಕೆಮ್ಮು ಹೇಗಿದೆ? ನಿನ್ನ ಪಕ್ಕದಲ್ಲಿ ನನಗೆಂದು ಕೊಂಡಿಟ್ಟ ಮಷೀನಿಗೆ ಈಗಲೂ ಆ ಹಳೇ ಹೂವಿನ ಬಟ್ಟೆ ಹೊದಿಸಿಯೇ ಇಟ್ಟಿದ್ದೀಯಾ? ಯಾರನ್ನಾದರೂ ಕೆಲಸಕ್ಕೆ ಇಟ್ಟುಕೊಂಡು ಅವರಿಗೆ ಕೊಡು ಅಂದರೆ ನೀನು ಕೇಳುವವಳಲ್ಲ. ನಾನು ಆರೋಗ್ಯವಾಗಿದ್ದೇನೆ. ಅಜ್ಜಿಯೂ ಗಟ್ಟಿಯಾಗಿದ್ದಾಳೆ, ನನಗಿಂತ ಚೆನ್ನಾಗಿ ಉಣ್ಣುತ್ತಾಳೆ, ಅವಳ ಗೊರಕೆಗೆ ಹೊರಗಿನ ಕಪ್ಪೆಗಳೇ ನಾಚಿಕೊಂಡು ಸುಮ್ಮನಾಗುತ್ತವೆ. ಇಲ್ಲಿಗೆ ಕ್ಷೇಮಸಮಾಚಾರ ಮುಗಿಯಿತು. ಇನ್ನು ಮುಂದಿನದನ್ನು ಹೇಗೆ ಬರೆಯುವುದೋ ತೋಚುತ್ತಿಲ್ಲ.

ನನ್ನ ಗಿಡಗಳು ಹೋದವು ಅಮ್ಮಾ. ಎಲ್ಲ ಕುಂಡಗಳೂ. ನನ್ನ ಕಾಗದದಲ್ಲಿ ಗಿಡದ ಮಾತು ಬಂದ ಕೂಡಲೇ ನೀನು ಪುಟ ತಿರುವುತ್ತೀಯ ಅಂತ ನನಗೆ ಗೊತ್ತು. ನಿನ್ನ ಉತ್ತರದಲ್ಲಿ ಯಾವತ್ತೂ ಎರಡೇ ಪ್ರಶ್ನೆ, ಊಟ ಸರಿಯಾಗಿ ಮಾಡುತ್ತಿದ್ದೀಯಾ, ಯಾವಾಗ ವಾಪಸು ಬರುತ್ತೀಯಾ. ಅದಕ್ಕೇ ಮೊದಲಿಂದ ಹೇಳುತ್ತೇನೆ, ಈ ಸಲವಾದರೂ ಓದು. ನಾನು ಬೆಳೆಸುತ್ತಿರುವುದು ಹುಳ ತಿನ್ನುವ ಗಿಡ. ಅಂಗೈಗಿಂತ ಚಿಕ್ಕದು, ಎಲೆಯ ಮೇಲೆ ಕೆಂಪು ಕೂದಲು, ಒಂದೊಂದು ಕೂದಲ ತುದಿಗೂ ಅಂಟಿನ ಹನಿ. ನೊಣ ಬಂದು ಕೂತರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಗಿಡ ಅದನ್ನು ನಿಧಾನವಾಗಿ ಕರಗಿಸಿ ಕುಡಿಯುತ್ತದೆ. ಮೊದಲು ಈ ಜೌಗಿನ ತುಂಬ ತಾನಾಗಿ ಬೆಳೆಯುತ್ತಿತ್ತಂತೆ, ಈಗ ಹುಡುಕಿದರೂ ಸಿಗುವುದಿಲ್ಲ. ನೇರವಾಗಿ ಬೀಜ ಹಾಕಿದರೆ ನೀರು ಏರಿದಾಗ ಸಸಿ ಮುಳುಗಿ ಸಾಯುತ್ತದೆ. ಅದಕ್ಕೇ ಕುಂಡ. ಕುಂಡದಲ್ಲಿ ಮರಳು, ಪಾಚಿ ತುಂಬಿ ಸಸಿ ನೆಟ್ಟು, ಕುಂಡವನ್ನು ಅಂಚಿನವರೆಗೆ ಜೌಗಿನಲ್ಲೇ ಹೂತಿಡುತ್ತೇವೆ. ನೀರು ಏರಿತೋ, ಎತ್ತಿ ಹಲಗೆ ದಾರಿಯ ಮೇಲೆ ಇಡುತ್ತೇವೆ, ಇಳಿದ ಮೇಲೆ ಮತ್ತೆ ಹೂಳುತ್ತೇವೆ. ನಡುರಾತ್ರಿ ಮಳೆ ಬಂದರೂ ಎದ್ದು ಓಡಬೇಕು. ಈ ತಿಂಗಳ ಕೊನೆಗೆ ನಮ್ಮ ಮೇಲಿನವರು ನೋಡಲು ಬರುತ್ತಾರೆ. ಹೂ ಬಿಟ್ಟಿದ್ದರೆ ಈ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಹಲಗೆ ಮನೆಗೆ ಬೀಗ. ಇದನ್ನೆಲ್ಲ ಹೋದ ಕಾಗದದಲ್ಲೂ ಬರೆದಿದ್ದೆ.

ಅಜ್ಜಿ ಬಂದ ದಿನ ನನಗೆ ಆದ ಸಂತೋಷ ಹೇಳಲಾರೆ. ನೀನು ನಿನ್ನ ಅಮ್ಮನನ್ನೇ ಕಳಿಸಿದೆ ಅಂದರೆ ನನ್ನ ಮೇಲಿನ ಸಿಟ್ಟು ಇಳಿದಿದೆ ಅಂದುಕೊಂಡೆ. ದೋಣಿಯಿಂದ ಇಳಿಯುವಾಗ ಅವಳು ನಮ್ಮ ದೋಣಿಯವನ ನಡಿಗೆ ನೋಡಿ ಬಾತುಕೋಳಿ ಅಂತ ಹೆಸರಿಟ್ಟಳು. ಆ ಮನುಷ್ಯ ಬೇಜಾರು ಮಾಡಿಕೊಳ್ಳುವ ಬದಲು ಈಗ ತಾನೇ ಹಾಗೆ ಹೇಳಿಕೊಂಡು ಓಡಾಡುತ್ತಾನೆ. ನೀನು ಕಳಿಸಿದ ಸ್ವೆಟರು ಸರಿಯಾಗಿದೆ, ತೋಳು ಮಾತ್ರ ಒಂಚೂರು ಉದ್ದ. ಇನ್ನೊಂದು ಭಾರದ ಗಂಟನ್ನು ಅಜ್ಜಿ ತನ್ನ ಮಂಚದ ಕೆಳಗೆ ತಳ್ಳಿದಳು, ಮಂಡಿ ನೋವಿನ ಸೊಪ್ಪುಸದೆ ಇರಬೇಕೆಂದು ನಾನೂ ಕೇಳಲಿಲ್ಲ. ಮಾರನೇ ದಿನ ಅವಳನ್ನು ಹಲಗೆ ದಾರಿಯ ಮೇಲೆ ಕೈಹಿಡಿದು ಕರೆದುಕೊಂಡು ಹೋಗಿ ಗಿಡ ತೋರಿಸಿದೆ. ಕೈ ಹಾಕಿದ್ದನ್ನೆಲ್ಲ ಚಿಗುರಿಸುವವಳು ಅವಳು, ನಿನಗೆ ಗೊತ್ತೇ ಇದೆ. ಬಗ್ಗಿ ನೋಡಿ, "ಪಾಪ, ಇವು ಹಸಿದಿವೆ ಕಣೇ" ಅಂದಳು. ನಾನು ನಕ್ಕುಬಿಟ್ಟೆ. ಗೊಬ್ಬರದ ವಾಸನೆಯೇ ಇಲ್ಲದ ಜಾಗದಲ್ಲಿ ಗೊಬ್ಬರ ಹಾಕಬೇಡ ಅಂತ ಯಾರು ತಾನೇ ಹೇಳುತ್ತಾರೆ?

ಆಮೇಲೆ ನಾನು ಜೌಗಿನ ಆ ತುದಿಗೆ ನೀರಿನ ಮಟ್ಟ ಅಳೆಯಲು ವಾರದ ಮಟ್ಟಿಗೆ ಹೋದೆ. ಬಾತುಕೋಳಿಯ ಹೆಂಡತಿ ಅಜ್ಜಿಗೆ ಜೊತೆಯಾಗಿದ್ದಳು. ನಿನ್ನೆ ವಾಪಸು ಬರುವಾಗ ಅಜ್ಜಿ ದೋಣಿ ನಿಲ್ಲುವ ಜಾಗದಲ್ಲೇ ಕಾಯುತ್ತಿದ್ದಳು, ಮುಖದಲ್ಲಿ ಏನೋ ಮುಚ್ಚಿಟ್ಟುಕೊಂಡ ನಗು. ಚೀಲ ಇಳಿಸಲೂ ಬಿಡದೆ ಎಳೆದುಕೊಂಡು ಹೋದಳು. ದೂರದಿಂದಲೇ ಮೂಗಿಗೆ ಹಿಂಡಿ ಬೆರೆಸಿದ ಗೊಬ್ಬರದ ವಾಸನೆ ಬಡಿಯಿತು. ಪ್ರತಿ ಕುಂಡದ ಬುಡದಲ್ಲೂ ನೀಟಾಗಿ ಗೊಬ್ಬರ ಒತ್ತಿದ್ದಳು, ಎಲೆಗೆ ಅಂಟಿದ್ದ ನೊಣಗಳನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ ತೆಗೆದಿದ್ದಳು. ಕೆಂಪಗಿದ್ದ ಎಲೆಗಳು ಸುಟ್ಟ ಕಾಗದದ ಹಾಗೆ ಕಪ್ಪಾಗಿ ಮುದುಡಿದ್ದವು. "ಮೊದಲು ಹಾಗೇ ಕಾಣತ್ತೆ, ಮೈಗೆ ಹತ್ತಿದ ಮೇಲೆ ನೋಡು ಹೇಗೆ ಎದ್ದು ಬರ್ತವೆ" ಅಂದಳು ಅಜ್ಜಿ. ಈ ಗಿಡದ ಬೇರಿಗೆ ಗೊಬ್ಬರ ಅಂದರೆ ವಿಷ ಅಮ್ಮಾ. ಅದರ ಊಟ ಎಲೆಯಲ್ಲಿ, ಬೇರಿಗೆ ಬರೀ ಮಳೆನೀರು ಸಾಕು. ನಾನು "ಏನು ಮಾಡಿಬಿಟ್ಟೆ ಅಜ್ಜಿ" ಅಂತ ಕಿರುಚಿದೆ. ನನ್ನ ಜನ್ಮದಲ್ಲಿ ಅವಳ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಅವಳ ಮುಖ ನೋಡಲಾಗಲಿಲ್ಲ.

ರಾತ್ರಿ ಇಬ್ಬರೂ ಉಣ್ಣಲಿಲ್ಲ. ನಿಧಾನವಾಗಿ ಎಲ್ಲ ತಿಳಿಸಿ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. ಬೆಳಗ್ಗೆ ನಾನು ಏಳುವ ಮೊದಲೇ ಹಲಗೆ ದಾರಿಯ ಮೇಲೆ ಕಾಲು ಇಳಿಬಿಟ್ಟು ಕೂತು, ಒಂದೊಂದೇ ಕುಂಡ ಎತ್ತಿ, ಗೊಬ್ಬರದ ಪಾಚಿ ಕಿತ್ತು, ಬೇರನ್ನು ಮಳೆನೀರಲ್ಲಿ ಜಾಲಿಸುತ್ತಿದ್ದಳು. "ಎಲೆ ನೋಡಿ ಸತ್ತಿದೆ ಅನ್ನಬೇಡ, ಬೇರು ನೋಡಿ ಅನ್ನು" ಅಂದಳು. ಕೆಲವು ಗಿಡಗಳ ಬುಡದಲ್ಲಿ ಇನ್ನೂ ಜೀವ ಇದೆ, ನಿಜ. ಬದುಕಿದರೂ ತಿಂಗಳ ಕೊನೆಗೆ ಹೂ ಬಿಡುವ ಮಾತಿಲ್ಲ. ಇಷ್ಟು ದಿನ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಮೇಲಿನವರು ಕೇಳಿದರೆ ನನ್ನ ಕೈಯಿಂದಲೇ ಆಯಿತು ಅನ್ನುತ್ತೇನೆ, ಅಜ್ಜಿಯನ್ನು ಅವರ ಮುಂದೆ ನಿಲ್ಲಿಸಲಾರೆ. ನಿನ್ನಲ್ಲಿ ಒಂದೇ ಬೇಡಿಕೆ. ಅವಳಿಗೆ ಬೈದು ಬರೆಯಬೇಡ. ಪ್ರೀತಿಯಿಂದ ಮಾಡಿದ್ದು, ತಿಳಿಯದೆ ಮಾಡಿದ್ದು. ಅವಳಿಗಾಗಿರುವ ಸಂಕಟವೇ ಅವಳಿಗೆ ಸಾಕು.

ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು, ಬಿಸಿನೀರು ಕುಡಿಯಲು ಹೇಳು. ನೀನೂ ಬೆನ್ನು ನೋಡಿಕೋ. ನಿನ್ನ ಆಶೀರ್ವಾದ ಈಗ ನನಗಿಂತ ಈ ಕುಂಡಗಳಿಗೆ ಬೇಕು, ಅಲ್ಲಿಂದಲೇ ಮಾಡು.

ಇಂತಿ,
ನಿನ್ನ ಮುದ್ದು ಮೊಂಡಿ

ತಾ.ಕ.: ಬಾತುಕೋಳಿ ದೋಣಿಯಲ್ಲಿ ಕೂತು ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಲಕೋಟೆ ಅಂಟಿಸುವಾಗ ಅಜ್ಜಿ ಪಕ್ಕಕ್ಕೆ ಬಂದು ಕೂತಳು. "ತಪ್ಪೆಲ್ಲ ನಂದು ಅಂತ ಬರಿ, ಪಾಪ ನಿಮ್ಮಮ್ಮ ಎಷ್ಟು ಆಸೆಯಿಂದ ಕಟ್ಟಿಕೊಟ್ಟಿದ್ದಳು" ಅಂದಳು. ಏನನ್ನು ಅಂತ ಕೇಳಿದೆ. ಗೊಬ್ಬರವನ್ನು ಅಂದಳು. "ಅವಳು ಇಲ್ಲದಾಗ ಒಂದೊಂದು ಹಿಡಿ ಹಾಕಮ್ಮ, ಮೊದಲೇ ಹೇಳಬೇಡ, ಬಂದು ನೋಡಿ ಖುಷಿಪಡಲಿ" ಅಂತ ನೀನು ಹೇಳಿ ಕಳಿಸಿದ್ದೆಯಂತೆ. ಇವಕ್ಕೆ ಒಂದು ಹಿಡಿ ಗೊಬ್ಬರ ಬಿದ್ದರೆ ಕಥೆ ಮುಗಿಯಿತು, ಆಮೇಲೆ ನಾನು ಗಂಟುಮೂಟೆ ಕಟ್ಟಿ ನಿನ್ನ ಪಕ್ಕದ ಮಷೀನಿಗೇ ಬರಬೇಕು ಅಂತ ಹೋದ ಕಾಗದದಲ್ಲಿ ತಮಾಷೆಗೆ ಬರೆದಿದ್ದೆ. ಒಂದು ಹಿಡಿ ಅಂತಲೇ ಬರೆದಿದ್ದೆ. ನೀನು ಪುಟ ತಿರುವಿರಲಿಲ್ಲ ಅಮ್ಮಾ. ಓದಿದ್ದೆ.

ಅಜ್ಜಿಗೆ ನಾನು ಏನೂ ಹೇಳಿಲ್ಲ. ಬೇರು ಚಿಗುರುವ ತನಕ ತಾನು ಇಲ್ಲಿಂದ ಕದಲುವುದಿಲ್ಲ ಅನ್ನುತ್ತಿದ್ದಾಳೆ, ನಾನೂ ಕದಲುವುದಿಲ್ಲ. ಅವಳಿಗೆ ನೀನೇ ಬರೆದು ತಿಳಿಸು. ಅವಳಿಗೆ ಓದಲು ಬರುವುದಿಲ್ಲ, ನಾನೇ ಓದಿ ಹೇಳಬೇಕು. ಅದನ್ನು ನೆನಪಿಟ್ಟುಕೊಂಡು ಬರಿ.