ಸಾಬಣ್ಣ ಮಾಪನದ ಹನ್ನೆರಡನೆಯ ಪ್ರಶ್ನೆ

ಶಹಾಪುರ
೧೪ ಜುಲೈ ೨೦೨೫, ಸೋಮವಾರ

ಪ್ರೀತಿಯ ತಂಗಿ ಅನುರಾಧಾ,

ಜೈಭೀಮ್. ಹೇಗಿದ್ದೀ? ಮೊಣಕಾಲಿನ ನೋವು ಕಡಿಮೆಯಾಯಿತೇ? ದಿಲ್ಲಿಯಲ್ಲಿ ಮಳೆ ಬಿತ್ತೇ? ಇಲ್ಲಿ ನಾನು, ನಿನ್ನ ವೈನಿ ದೇವಕಮ್ಮ, ನನ್ನ ಮಗ ಎಲ್ಲರೂ ಆರೋಗ್ಯವಾಗಿದ್ದೇವೆ. ಅವ್ವನ ಮೈಯೂ ಚೆನ್ನಾಗಿದೆ. ಮೈ ಎಂದು ಬರೆದಿದ್ದೇನೆ, ಗಮನಿಸು. ಫೋನು ಕೈಯಲ್ಲಿಟ್ಟುಕೊಂಡು ಈ ಅಣ್ಣ ಕಾಗದ ಯಾಕೆ ಬರೆಯುತ್ತಾನೆ ಎಂದು ನಗಬೇಡ. ಫೋನಿನಲ್ಲಿ ನಾನು ಎರಡನೆಯ ಮಾತಿಗೇ ಸಿಟ್ಟಿಗೇಳುತ್ತೇನೆ, ಮೂರನೆಯ ಮಾತಿಗೆ ನೀನು "ಅಣ್ಣಾ, ಕ್ಲಾಸ್ ಅದ, ಆಮ್ಯಾಲ ಮಾಡ್ತೀನಿ" ಎಂದು ಇಟ್ಟುಬಿಡುತ್ತೀ. ಕಾಗದದ ಬಾಯಿ ಹಾಗೆ ಮುಚ್ಚಿಸಲು ಬರುವುದಿಲ್ಲ. ಅಲ್ಲದೆ ಈ ಮನೆಯಲ್ಲಿ ಫೋನಿನಲ್ಲಾಡಿದ್ದೆಲ್ಲ ಅವ್ವನಿಗೆ ಕೇಳಿಸುತ್ತದೆ. ಎಂಬತ್ತಮೂರಾದರೂ ಆ ಕಿವಿ ಹಾಗೇ ಇದೆ.

ಹೋದ ತಿಂಗಳು ಯಾವುದೋ ಟ್ರಸ್ಟಿನವರು ಇಲ್ಲಿ ವಯಸ್ಸಾದವರ ನೆನಪಿನ ತಪಾಸಣೆಗೆಂದು ಶಿಬಿರ ಹಾಕಿದ್ದರು. ಬ್ಯಾನರಿನಲ್ಲಿ ದಪ್ಪ ಅಕ್ಷರ: "ಸಾಬಣ್ಣ ಮಾಪನದ ಪ್ರಕಾರ." ಬಸ್ ನಿಲ್ದಾಣದ ಎದುರಿಗೆ ನಿಂತು ಅದನ್ನು ಓದಿದಾಗ ನನಗಾದ ಸಂತೋಷ ನಿನಗೆ ತಿಳಿಯಲಿಕ್ಕಿಲ್ಲ. ನಿಮ್ಮ ವಿದ್ವಾಂಸರ ಲೋಕದಲ್ಲಿ ಜನರನ್ನು ಕೊನೆಯ ಹೆಸರಿನಿಂದ ಕರೆಯುತ್ತಾರಲ್ಲ, ನೀನು ಅನುರಾಧಾ ಸಾಬಣ್ಣ. ಹಾಗಾಗಿ ಸುರಪುರದ ತಹಸೀಲ್ ಕಚೇರಿಯಲ್ಲಿ ಗುಮಾಸ್ತನಾಗಿ ಸವೆದ ನಮ್ಮಪ್ಪ ಇಂದು ಹನ್ನೊಂದು ಭಾಷೆಗಳಲ್ಲಿ ನೆನಪನ್ನು ಅಳೆಯುವ ಒಂದು ಮಾಪನ. ಅವ್ವನಿಗೆ ಏನೂ ಆಗಿರಲಿಲ್ಲ, ತಪಾಸಣೆಯ ಅಗತ್ಯವೇ ಇರಲಿಲ್ಲ. ಮಗಳು ಮಾಡಿದ ಪರೀಕ್ಷೆ ಊರಿಗೆ ಬಂದಿದೆ ಎಂದು ಹೇಳಿದೆ, ಅವಳು ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದಳು.

ನೀನು ಆ ಮಾಪನ ಕಟ್ಟಿದ ಕಥೆ ನಿನಗಿಂತ ನನಗೆ ಚೆನ್ನಾಗಿ ನೆನಪಿದೆ. ತಿಂಥಣಿಯ ಹೊಳೆದಂಡೆಯಲ್ಲಿ ಮೀನುಗಾರರನ್ನೂ ಕೂಲಿ ಹೆಣ್ಣುಮಕ್ಕಳನ್ನೂ ಕೂಡಿಸಿಕೊಂಡು ಮಾತಾಡಿಸುತ್ತಿದ್ದೆ, ನಾನು ನಿನ್ನ ಛತ್ರಿ ಹಿಡಿದು ನಿಲ್ಲುತ್ತಿದ್ದೆ. ಹುಟ್ಟಿದಂದಿನಿಂದ ಪೆನ್ಸಿಲ್ ಹಿಡಿಯದವಳಿಗೆ ಗಡಿಯಾರದ ಚಿತ್ರ ಬರೆ ಎಂದು ಹೇಳಿ, ಬರೆಯದಿದ್ದರೆ ಇವಳಿಗೆ ಮರೆವಿನ ರೋಗ ಎನ್ನುವ ಪರದೇಶಿ ಪರೀಕ್ಷೆಗಳ ಮೇಲೆ ನಿನಗೆ ಎಷ್ಟು ಸಿಟ್ಟಿತ್ತು! ನಿನ್ನ ಮೊದಲ ಲೇಖನವನ್ನು ಸಂಶೋಧನಾ ಪತ್ರಿಕೆಯವರು, ನಿಮ್ಮ ಜನ ಸಾಮಾನ್ಯ ಮನುಷ್ಯರ ಮಾದರಿಯಲ್ಲ ಎಂದು ವಾಪಸು ಕಳಿಸಿದ್ದರು. ನಾನು ಅವರಿಗೆ ಇಂಗ್ಲಿಷಿನಲ್ಲಿ ಬೈಗುಳದ ಪತ್ರ ಬರೆದುಕೊಟ್ಟೆ, ನೀನು ಅಂಚೆಗೆ ಹಾಕಲಿಲ್ಲ. ಅದರ ಬದಲು ಕಾಗದವೇ ಬೇಡದ ಪರೀಕ್ಷೆ ಮಾಡಿದೆ. ತಾರೀಖು ಗೊತ್ತಿಲ್ಲದಿದ್ದರೆ ಅಮಾವಾಸ್ಯೆ ಎಂದಿಗೆ ಎಂದು ಹೇಳಿದರೂ ಅಂಕ. ಗುರುತಿಸಲು ತೋರಿಸುವ ಪಿಯಾನೋ ಚಿತ್ರದ ಜಾಗದಲ್ಲಿ ಬೀಸುಕಲ್ಲು. ಈಗ ನಿನ್ನ ಹೆಸರೆತ್ತದೆ ಈ ವಿಷಯದಲ್ಲಿ ಯಾರೂ ಪ್ರಬಂಧ ಬರೆಯುವಂತಿಲ್ಲವಂತೆ. ಆ ಸುದ್ದಿ ಬಂದ ಪತ್ರಿಕೆಯ ತುಂಡು ನನ್ನ ಕಪಾಟಿನಲ್ಲಿದೆ. ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ನಿನ್ನ ಕೆಲಸದ ಬೆಲೆ ಗೊತ್ತಿಲ್ಲದ ಮೂರ್ಖ ಬೈಯುತ್ತಿದ್ದಾನೆ ಎಂದು ನೀನು ತಿಳಿಯಬಾರದು.

ಶಿಬಿರದಲ್ಲಿ ಅವ್ವನನ್ನು ಕೇಳಿದವಳು ಗುರುಮಠಕಲ್ ಕಡೆಯ ಮೌನಿಕಾ ಎಂಬ ಹುಡುಗಿ, ಕೈಯಲ್ಲಿ ಟ್ಯಾಬು. ಮನೆಯವರು ಹೊರಗಿರಬೇಕಂತೆ, ಉತ್ತರ ಹೇಳಿಕೊಡುತ್ತಾರೆ ಎಂದು. ಅದೂ ನಿನ್ನದೇ ನಿಯಮ. ನಾನು ಬಾಗಿಲಲ್ಲಿ ನಿಂತೆ. ಅವ್ವ ಹನ್ನೊಂದು ಪ್ರಶ್ನೆಗೆ ಹೊಲ ಹರಗಿದ ಹಾಗೆ ಸರಾಗವಾಗಿ ಉತ್ತರ ಹೇಳಿದಳು. ಐದು ವಸ್ತು ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳಿದರೆ ಐದನ್ನೂ ಹೇಳಿ, "ನೀ ಕುಡಗೋಲು ಅನ್ನಾಕ ತಡವರಿಸಿದಿ ನೋಡವ್ವ" ಎಂದು ಆ ಹುಡುಗಿಗೇ ತಪ್ಪು ತೋರಿಸಿದಳು. ಹನ್ನೆರಡನೆಯದು ಬಂತು. "ನಿಮ್ಮ ಯಜಮಾನ್ರ ಹೆಸರೇನ್ರಿ ಅಮ್ಮಾ?"

ಅವ್ವ ಸೆರಗು ಎಳೆದುಕೊಂಡಳು. ಹುಡುಗಿ ಮತ್ತೆ ಕೇಳಿದಳು. ಅವ್ವ ಬಾಗಿಲ ಕಡೆ ನೋಡಿದಳು, ಯಾರಾದರೂ ಹೇಳಿಯಾರೆಂದು. ಮಾವನ ಹೆಸರು? ನೆಲ ನೋಡಿದಳು. ಮೊಮ್ಮಗನ ಹೆಸರು? "ಮುತ್ಯಾ." ನನ್ನ ಮಗನಿಗೆ ಅಪ್ಪನ ಹೆಸರಿಟ್ಟದ್ದು ನಿನಗೆ ಗೊತ್ತು. ಆ ಹೆಸರು ಬಾಯಿಗೆ ಬರಬಾರದೆಂದು ಅವ್ವ ಅವನನ್ನು ತೊಟ್ಟಿಲಲ್ಲಿದ್ದಾಗಿನಿಂದ ಮುತ್ಯಾ ಎಂದೇ ಕರೆಯುವುದು. ಟ್ಯಾಬಿನಲ್ಲಿ ಏನು ಬರೆದುಕೊಂಡರು ಗೊತ್ತೇ? ಮೊಮ್ಮಗನನ್ನು ಅಜ್ಜನೆಂದು ತಿಳಿಯುತ್ತಾರೆ ಎಂದು! ಹತ್ತಿರದವರ ಹೆಸರು ಎಲ್ಲಕ್ಕಿಂತ ಕೊನೆಗೆ ಮರೆಯುತ್ತದೆ ಎಂಬುದು ನಿನ್ನ ಸಿದ್ಧಾಂತ, ಆದ್ದರಿಂದ ಹೆಚ್ಚು ಅಂಕ ಇರುವುದು ಆ ಪ್ರಶ್ನೆಗೇ. ಎಲ್ಲ ಕೂಡಿಸಿ ಬಂದ ಫಲ, ಮಧ್ಯಮ ಪ್ರಮಾಣದ ಮರೆವು, ಒಬ್ಬರನ್ನೇ ಬಿಡಬೇಡಿ.

ನಾನು ಜಗಳ ತೆಗೆದೆ. ಮೌನಿಕಾ ಕೆಟ್ಟ ಹುಡುಗಿಯಲ್ಲ. "ನಮ್ಮವ್ವ ಸೈತ ಹೇಳಂಗಿಲ್ರಿ ಸರ್, ಆದ್ರ ರೂಲ್ ಅದ. ದಿಲ್ಲಿ ಮ್ಯಾಡಂ ಮಾಡಿದ್ದು, ನಾವು ಬದಲಿ ಮಾಡಾಕ ಬರಂಗಿಲ್ಲ" ಎಂದಳು. ಆ ಮ್ಯಾಡಂ ನನ್ನ ತಂಗಿ ಎಂದೆ. "ಎಲ್ಲಾರೂ ಹಂಗಽ ಅಂತಾರ್ರಿ" ಎಂದು ಮುಂದಿನ ಅಜ್ಜಿಯನ್ನು ಕರೆದಳು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಹೇಳಿದ ನಾನು ಬೀದಿಯಲ್ಲಿ ಸುಳ್ಳುಗಾರನಾದೆ.

ಈಗ ನಿನ್ನನ್ನು ಕೇಳುತ್ತೇನೆ. ನೆನಪಿನ ಮೇಲೆ ಮೂವತ್ತು ವರ್ಷ ದುಡಿದವಳು ನೀನು. ಇದನ್ನು ಹೇಗೆ ಮರೆತೆ? ಅಪ್ಪ ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದು ಬಂದ ಮೇಲೆ ಅವ್ವನಿಗೆ ಎಷ್ಟು ಸಲ ಹೇಳಿದ: "ನಾ ದೇವರಲ್ಲ ಲಾಲವ್ವ, ಗುಮಾಸ್ತ. ಹೆಸರು ಹಿಡಿದು ಕರಿ." ಅವ್ವ ದೇವರನ್ನು ಬಿಟ್ಟಳು, ಹರಕೆ ಬಿಟ್ಟಳು, ಇಪ್ಪತ್ತೆರಡು ಪ್ರತಿಜ್ಞೆಗಳನ್ನೂ ಚಾಚೂ ತಪ್ಪದೆ ನಡೆಸಿದಳು, ಇಪ್ಪತ್ತಮೂರನೆಯದೊಂದನ್ನು ತಾನೇ ಸೇರಿಸಿಕೊಂಡಿದ್ದಳು. ಮದುವೆ ಮನೆಗಳಲ್ಲಿ ಒಡಪು ಹಾಕಿಯಾದರೂ ಹೆಸರು ಹೇಳು ಎಂದು ಹೆಂಗಸರು ಗಂಟುಬಿದ್ದರೆ ಎದ್ದು ಹೋಗುತ್ತಿದ್ದಳು. ಅಪ್ಪ ಸಾಯುವ ವಾರ ಮಂಚದ ಮೇಲಿಂದ ನಗುತ್ತ, "ಈಗರೆ ಒಮ್ಮೆ ಅನ್ನು, ಇನ್ನ ಯಾರು ಕೇಳ್ತಾರ" ಎಂದ. ಅವ್ವ ಅವನ ಕಾಲು ಒತ್ತುತ್ತ ಕೂತಳೇ ಹೊರತು ಬಾಯಿ ತೆರೆಯಲಿಲ್ಲ. ಇದೆಂಥ ಹಟ ಎಂದು ಅವತ್ತು ನನಗೂ ಸಿಟ್ಟು ಬಂದಿತ್ತು. ಸರಿ, ಅದನ್ನು ಬಿಡು. ರೇಷನ್ ಕಾರ್ಡಿನವರು, ವೋಟರ್ ಲಿಸ್ಟಿನವರು ಬಂದು ಯಜಮಾನರ ಹೆಸರು ಕೇಳಿದಾಗ ಅವ್ವ ಏನು ಮಾಡುತ್ತಿದ್ದಳು? ಒಳಗೆ ತಿರುಗಿ "ಅನೂ" ಎಂದು ಕೂಗುತ್ತಿದ್ದಳು. ಮಣ್ಣಾಟ ಬಿಟ್ಟು ಓಡಿ ಬಂದು, ಅವಳ ಸೀರೆಯ ನೆರಿಗೆ ಹಿಡಿದು ನಿಂತು, ಶಾಲೆಯಲ್ಲಿ ಪದ್ಯ ಒಪ್ಪಿಸಿದ ಹಾಗೆ "ಸಾಬಣ್ಣ!" ಎಂದು ಹೇಳುತ್ತಿದ್ದವಳು ನೀನು. ಆ ಮನೆಯಲ್ಲಿ ನಿನಗಿದ್ದ ಮೊದಲ ಉದ್ಯೋಗ ಅದು. ಅಂಥವಳು ಈ ಪ್ರಶ್ನೆ ಬರೆದು, ಮೇಲೆ ಮನೆಯವರು ಹೊರಗಿರಲಿ ಎಂದೂ ಬರೆದೆಯಲ್ಲ!

ನಾನು ಫೋನು ಮಾಡಿದಾಗ, "ಅದು ಬರೇ ಮೊದಲನೇ ತಪಾಸಣಿ ಅಣ್ಣಾ, ಡಾಕ್ಟರಿಗೆ ತೋರಸು" ಎಂದು ಇಟ್ಟುಬಿಟ್ಟೆ. ತೋರಿಸಿದೆ. ಯಾದಗಿರಿಯ ಡಾಕ್ಟರು ಅರ್ಧ ತಾಸು ಮಾತಾಡಿಸಿ, ಈ ಅಮ್ಮನಿಗೆ ಏನೂ ಆಗಿಲ್ಲ ಎಂದು ನಕ್ಕು ಕಳಿಸಿದರು. ನಿಜವಾದ ಕಷ್ಟ ಶುರುವಾದದ್ದು ಅಲ್ಲಿಂದಲೇ. ಅವ್ವ ಒಪ್ಪಲಿಲ್ಲ. "ಆ ಡಾಕ್ಟರ ಏಟ ಓದ್ಯಾನ? ಅನು ಅವಂಗಿಂತ ಹೆಚ್ಚಿಗಿ ಓದ್ಯಾಳ. ಅಕಿ ಯಂತ್ರ ಸುಳ್ಳು ಹೇಳಂಗಿಲ್ಲ" ಎಂದಳು. ಅವತ್ತಿನಿಂದ ಪಲ್ಯಕ್ಕೆ ಉಪ್ಪು ಹಾಕಿ, ಹಾಕಿದೆನೇ ಎಂದು ದೇವಕಮ್ಮನನ್ನು ಕೇಳುತ್ತಾಳೆ. ಹಾಕಿರುತ್ತಾಳೆ. ಪ್ರತಿ ಗುರುವಾರ ಒಬ್ಬಳೇ ಬಸ್ಸು ಹತ್ತಿ ಸುರಪುರಕ್ಕೆ ಹೋಗಿ, ನಮ್ಮ ಹಳೇ ನೆರೆಮನೆಯ ಕುಬ್ರಾಬೇಗಂ ಜೊತೆ ದಿನವಿಡೀ ಹರಟಿ ಬರುತ್ತಿದ್ದವಳು ಈಗ ಹೊಸಿಲು ದಾಟುವುದಿಲ್ಲ. ನನ್ನ ಮಗ ಅವಳ ಹೆಸರು, ಫೋನ್ ನಂಬರಿನ ಪ್ಲಾಸ್ಟಿಕ್ ಕಾರ್ಡು ಮಾಡಿಸಿ ಕೊರಳಿಗೆ ಹಾಕಿದ. ಕಿತ್ತು ಅವನ ಮುಖಕ್ಕೆ ಎಸೆಯುತ್ತಾಳೆ ಎಂದು ಕಾದೆ. ಹಾಕಿಕೊಂಡು ಕೂತಳು.

ಕುಬ್ರಾಬೇಗಂ ತಾನೇ ಇಲ್ಲಿಗೆ ಬಂದರು. ಆಕೆಯೂ ಗಂಡನನ್ನು, ಮಗಳ ಹೆಸರು ಹಿಡಿದು, ಗುಡ್ಡಿಯ ಅಬ್ಬಾ ಎಂದಲ್ಲದೆ ಕರೆದವರಲ್ಲ. "ಲಾಲವ್ವಗ ಮರವು ಅಂದ್ರ ನಾ ಸತ್ತು ಹೋಗೀನಿ ಅಂತ ಬರ್ಕೋರಿ. ಆ ಯಂತ್ರ ಒಮ್ಮೆ ನನ್ನ ಮುಂದ ತರ್ರಿ" ಎಂದು ಕೂಗಾಡಿದರು. ಅವ್ವ ನಗಲಿಲ್ಲ. "ನಿನಗ ಗೊತ್ತಾಗಂಗಿಲ್ಲ, ನನ್ನ ಮಗಳು ಕಂಡುಹಿಡದದ್ದು" ಎಂದಳು. ಅನೂ, ಇದು ಹಿಂಗೇ ನಡೆದರೆ ಚಳಿಗಾಲದ ಹೊತ್ತಿಗೆ ನಿನ್ನ ಮಾಪನ ಹೇಳಿದ್ದು ನಿಜವಾಗಿಬಿಡುತ್ತದೆ. ನಾನು ಹೇಳಿದರೆ ಕೇಳುವುದಿಲ್ಲ, ಡಾಕ್ಟರು ಹೇಳಿದರೆ ಕೇಳುವುದಿಲ್ಲ. ನಿನ್ನ ಮಾತು ಇಷ್ಟು ನಡೆಯುತ್ತದೆ ಎಂದು ಹೆಮ್ಮೆಪಡಲೋ, ತಲೆ ಚಚ್ಚಿಕೊಳ್ಳಲೋ? ಆ ಪ್ರಶ್ನೆಯನ್ನು ತೆಗೆ. ಹನ್ನೊಂದು ಭಾಷೆಗಳಲ್ಲೂ ತೆಗೆ. ಎಷ್ಟು ಊರುಗಳಲ್ಲಿ ಎಷ್ಟು ಮುದುಕಿಯರು ಬಾಗಿಲ ಕಡೆ ನೋಡುತ್ತ ಕೂತಿದ್ದಾರೋ ಯಾರಿಗೆ ಗೊತ್ತು.

ಸಿಟ್ಟಿನಲ್ಲಿ ಏನಾದರೂ ಹೆಚ್ಚಾಗಿದ್ದರೆ ಅಣ್ಣನೆಂದು ನುಂಗಿಕೋ. ದೇವಕಮ್ಮ ನಿನಗಾಗಿ ರೊಟ್ಟಿಗೆಂದು ಶೇಂಗಾ ಹಿಂಡಿ ಕುಟ್ಟಿಟ್ಟಿದ್ದಾಳೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೋ, ಮೆಟ್ಟಿಲು ಹತ್ತಬೇಡ. ನಿನಗೆ ಒಳ್ಳೆಯದಾಗಲಿ.

ನಿನ್ನ ಅಣ್ಣ,
ಬುದ್ಧಪ್ರಿಯ

ತಾ.ಕ.: ಮೇಲಿನದನ್ನು ನಿನ್ನೆ ಮುಗಿಸಿದ್ದೆ. ಇವತ್ತು ಬೆಳಿಗ್ಗೆ ಲಕೋಟೆ ಅಂಟಿಸುವಾಗ ಬಚ್ಚಲಿನಲ್ಲಿ ನಳದ ಸದ್ದಿನ ಒಳಗೆ ಅವ್ವನ ದನಿ ಕೇಳಿತು. ಯಾರ ಜೊತೆ ಮಾತಾಡುತ್ತಾಳೆ ಎಂದು ಹೋದೆ. "ಸಾ" ಎನ್ನುತ್ತಾಳೆ, ನಿಲ್ಲುತ್ತಾಳೆ. "ಸಾಬ" ಎನ್ನುತ್ತಾಳೆ, ಬಾಯಿ ಮುಕ್ಕಳಿಸುತ್ತಾಳೆ. ಮತ್ತೆ ಮೊದಲಿನಿಂದ. ನನ್ನನ್ನು ಕಂಡು, "ಇಪ್ಪತ್ತೇಳಕ್ಕ ಯಾದಗಿರ್ಯಾಗ ಮತ್ತ ಶಿಬಿರ ಅದ ಅಂತಲ್ಲ, ನನ್ನ ಕರಕೊಂಡು ಹೋಗು. ಈ ಸಲ ಅನುನ ಮಾನ ಕಳ್ಯಂಗಿಲ್ಲ" ಎಂದಳು. ಅಪ್ಪ ಬದುಕಿಡೀ ಬೇಡಿ ಪಡೆಯದ್ದನ್ನು ಆ ಟ್ಯಾಬಿಗೆ ಕೊಡಲು ಹೊರಟಿದ್ದಾಳೆ. ಇಪ್ಪತ್ತೇಳರೊಳಗೆ ಬಾ, ರಜೆ ಸಿಗದಿದ್ದರೂ ಬಾ. ಬಂದು ಅವಳ ಪಕ್ಕದಲ್ಲಿ ನಿಂತು, ಮೊದಲಿನ ಹಾಗೆ ನೀನೇ ಹೇಳು.