ಹೂಂಗೆ ಮೊದಲು ಒಂದು ಊ

ಆಸ್ಪತ್ರೆಯ ಗೇಟಿನ ಕೋಣೆಯಿಂದ,
ತಾರೀಕು ಹದಿನಾಲ್ಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ಮಂಡಿನೋವು ಹೇಗಿದೆ? ಹೊಲಿಗೆ ಮಿಷನ್ನು ತುಳಿಯುವುದನ್ನು ಕಡಿಮೆ ಮಾಡು ಎಂದು ಹೇಳಿ ಹೇಳಿ ನನ್ನ ಬಾಯಿ ಸವೆಯಿತು, ತುಳಿದು ತುಳಿದು ನಿನ್ನ ಮಂಡಿ ಸವೆಯಿತು. ಕಣ್ಣಿಗೆ ಔಷಧಿ ಬಿಟ್ಟುಕೊಳ್ಳುತ್ತಿದ್ದೀ ತಾನೆ? ಇಲ್ಲಿ ಇವರ ಕೆಮ್ಮು ಇಳಿದಿದೆ. ದೇವರ ದಯೆಯಿಂದ ನಾನೂ ಗಟ್ಟಿಯಾಗಿದ್ದೇನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಪಾಪ, ಕಲಿಸಿದ ಮೇಷ್ಟ್ರನ್ನು ಬೈಯಬೇಡ. ಅಕ್ಕಾ, ಮುಂದೆ ಓದುವ ಮೊದಲು ಎದ್ದು ಹೋಗಿ ಬೀದಿ ಬಾಗಿಲು ಹಾಕಿ ಬಾ. ಚಿಲಕ ಸಾಲದು, ಅಗುಳಿಯನ್ನೂ ಹಾಕು. ನಾನು ಕಳಿಸಿದ ಹುಡುಗಿ ಮುಂದಿನ ಕೋಣೆಯಲ್ಲಿ ಗುಂಡಿಯ ಕಾಜಾ ಹೊಲಿಯುತ್ತ ಕೂತಿದ್ದರೆ ಒಳಗೆ ಕಳಿಸು. ಹಾಕಿದೆಯಾ? ಈಗ ಕೂತು ಓದು.

ಫೋನು ಮಾಡಬಾರದಿತ್ತೇ ಎನ್ನುತ್ತೀ. ನಿನಗೆ ಬರುವ ಫೋನು ಹಿಟ್ಟಿನ ಗಿರಣಿಯಲ್ಲಿ. ಗಿರಣಿಯವನು ಆ ಸದ್ದಿನಲ್ಲಿ ಕೂಗಿ ಕೂಗಿ ರೂಢಿಯಾದವನು, ನಾನು ಪಿಸುಗುಟ್ಟಿದ್ದನ್ನೂ ಇಡೀ ಬೀದಿಗೆ ಡಂಗುರ ಹೊಡೆಯುತ್ತಾನೆ. ಈ ಹೊತ್ತು ಆ ಬೀದಿಯಲ್ಲಿ ಯಾರು ನಿಂತಿದ್ದಾರೋ ಯಾರಿಗೆ ಗೊತ್ತು. ಅದಕ್ಕೇ ಎರಡು ಗಂಟೆಯ ಬಸ್ಸಿನ ಡ್ರೈವರ್ ಕೈಯಲ್ಲಿ ಪತ್ರ ಕಳಿಸುತ್ತಿದ್ದೇನೆ. ಅವನ ಹೆಂಡತಿಯ ಹೆರಿಗೆ ನಮ್ಮ ವಾರ್ಡಿನಲ್ಲೇ ಆದದ್ದು, ನಂಬಬಹುದು. ನಂಬಬಹುದು ಎಂದು ಬರೆಯುವಾಗಲೂ ಪೆನ್ನು ಒಂದು ಗಳಿಗೆ ನಿಂತಿತು ನೋಡು, ಅಂಥ ಗತಿ ಬಂದಿದೆ ನನಗೆ.

ಎರಡು ತಿಂಗಳ ಹಿಂದೆ ಹುಡುಗಿಯನ್ನು ನಿನ್ನಲ್ಲಿಗೆ ಕಳಿಸುವಾಗ, ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಎಡಗೈ ಮುರಿದುಕೊಂಡವಳು, ಹಿಂದೆ ಮುಂದೆ ಯಾರೂ ಇಲ್ಲದವಳು, ಹೊಲಿಗೆ ಬಲ್ಲವಳು ಎಂದು ಬರೆದಿದ್ದೆ. ಅದರಲ್ಲಿ ಹೊಲಿಗೆಯೊಂದೇ ನಿಜ. ಸುಳ್ಳು ಬರೆದದ್ದಕ್ಕೆ ದೇವರ ಹತ್ತಿರ ಅವತ್ತೇ ಕ್ಷಮೆ ಕೇಳಿದ್ದೇನೆ, ನಿನ್ನ ಹತ್ತಿರ ಈಗ ಕೇಳುತ್ತಿದ್ದೇನೆ. ಅವಳಿಗೆ ಗಂಡನಿದ್ದಾನೆ. ಕೈ ಮುರಿದವನು ಅವನೇ.

ಇದಕ್ಕೆಲ್ಲ ಬುಡ ಎಲ್ಲಿದೆ ಎಂದರೆ ನನ್ನ ನಾಲಗೆಯಲ್ಲಿದೆ. ಹೆಂಗಸರ ವಾರ್ಡಿನ ಗೇಟು ಕಾಯಲು ನಿಂತು ಹದಿನೆಂಟು ವರ್ಷವಾಯಿತು. ರೋಗಿಗಳನ್ನು ನೋಡುವ ಹೊತ್ತು ನಾಲ್ಕರಿಂದ ಆರು. ಆರು ಹೊಡೆದ ಮೇಲೆ ರಾಜನೇ ಬಂದರೂ ನಾನು ಬಿಟ್ಟವಳಲ್ಲ. ನರ್ಸುಗಳು ನನಗೆ ಮುಳ್ಳುಬೇಲಿ ಎಂದು ಹೆಸರಿಟ್ಟದ್ದು ನಿನಗೂ ಗೊತ್ತು, ನೀನೇ ಎಷ್ಟು ಸಲ ನಕ್ಕಿಲ್ಲ. ಹೋದ ವರ್ಷ ಆರೂ ಹತ್ತಕ್ಕೆ ಒಬ್ಬಳು ಮುದುಕಿ ಬಂದು, "ಒಂದೇ ಸಲ ಮಗಳ ಮುಖ ನೋಡಿ ಬರ್ತೀನಿ ಕಣಮ್ಮಾ" ಎಂದು ಗೇಟಿನ ಸರಳು ಹಿಡಿದುಕೊಂಡಳು. "ಆರು ಅಂದ್ರೆ ಆರು, ನಾಳೆ ಬನ್ನಿ" ಎಂದೆ. ನಾಳೆ ಬಂದಳು. ಮಗಳ ಮಂಚ ಬರಿದಾಗಿತ್ತು. ಆ ತಾಯಿ ನನ್ನನ್ನು ಬೈಯಲಿಲ್ಲ ಅಕ್ಕಾ. "ನಿಮ್ಮ ಕೆಲ್ಸ ನೀವು ಮಾಡಿದ್ರಿ ಬಿಡಿ" ಎಂದಳು. ಕೆನ್ನೆಗೆ ಹೊಡೆದಿದ್ದರೆ ಒಂದು ದಿನ ಉರಿದು ಆರುತ್ತಿತ್ತು. ಈ ಮಾತು ಇನ್ನೂ ಉರಿಯುತ್ತಿದೆ. ಆಗ ನಿನಗೆ ಬರೆದಿದ್ದೆ, ನೀನು ಉತ್ತರ ಹಾಕಿದೆ: ಒಳ್ಳೇ ಮಾತಾಡಿದರೆ ನಿನ್ನ ಗಂಟೇನು ಹೋಗುತ್ತೆ, ಎಲುಬಿಲ್ಲದ ನಾಲಗೆಯನ್ನು ಒಳ್ಳೇದಕ್ಕೇ ಹೊರಳಿಸಬಾರದೇ, ನನ್ನ ಹಾಗೆ ಹೂಂ ಅನ್ನುವುದನ್ನು ಕಲಿ. ದೇವರ ಮುಂದೆ ನಿಂತು, ಇನ್ನು ಮೇಲೆ ಯಾರಿಗೂ ಒರಟು ಮಾತಾಡುವುದಿಲ್ಲ ಎಂದು ಮಾತು ಕೊಟ್ಟೆ. ಜನ ಬೆರಗಾದರು. "ಬೇಲಿ ಹೂ ಬಿಟ್ಟಿದೆ" ಎಂದು ನರ್ಸುಗಳು ಆಡಿಕೊಂಡರು. ನನಗೂ ಒಳಗೊಳಗೇ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಅಂಥ ಹೂ ಬಿಟ್ಟ ಕಾಲದಲ್ಲೇ, ಹುಡುಗಿ ನಮ್ಮ ವಾರ್ಡಿನಲ್ಲಿದ್ದಾಗ, ಅವಳ ಗಂಡ ಬಂದದ್ದು. ಆರೂವರೆಯಾಗಿತ್ತು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. "ಅಮ್ಮಾ, ಕೆಲ್ಸ ಮುಗಿಸಿ ಓಡಿ ಬಂದೆ, ಐದೇ ನಿಮಿಷ. ನೀವು ಬೈದ್ರೂ ಪರವಾಗಿಲ್ಲ, ನನ್ನ ತಾಯಿ ಬೈದ ಹಾಗೇ" ಎಂದ. ನಾನು ಆ ಮುದುಕಿಯನ್ನು ನೆನೆದು ಹೂಂ ಎಂದೆ. ಹತ್ತು ನಿಮಿಷಕ್ಕೆ ಹೊರಗೆ ಬಂದು, "ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಎಂದು ಕೈಮುಗಿದು ಹೋದ. ಒಳಗೆ ಹೋಗಿ ನೋಡುತ್ತೇನೆ, ಸ್ಟೂಲಿನ ಮೇಲೆ ಕಿತ್ತಳೆಗಳು ಸಾಲಾಗಿ ಕೂತಿವೆ. ಹುಡುಗಿ ಸೂರು ನೋಡುತ್ತಿದ್ದಾಳೆ. ಪ್ಲಾಸ್ಟರಿನ ತುದಿಯಲ್ಲಿ ಬೆರಳುಗಳು ಊದಿ ನೀಲಿಯಾಗಿವೆ. ಅಷ್ಟು ಹೊತ್ತೂ ಅವನು ಮುರಿದ ಜಾಗವನ್ನೇ ಅಮುಕಿ ಹಿಡಿದು ನಗುನಗುತ್ತ ಮಾತಾಡಿದನಂತೆ. ಪಕ್ಕದ ಮಂಚದವಳು, "ಎಷ್ಟು ಪ್ರೀತಿ ನೋಡಿ, ಹೆಂಡ್ತಿ ಕೈ ಬಿಡಲೇ ಇಲ್ಲ" ಎಂದಳು. ಹುಡುಗಿ ನನಗೆ ನಿಜ ಹೇಳಿದ್ದು ಅವತ್ತು. ನಾಲ್ಕನೇ ದಿನ ಆಸ್ಪತ್ರೆಯ ಅಡುಗೆಮನೆಯ ಬಾಗಿಲಿನಿಂದ ಅವಳನ್ನು ಹೊರಡಿಸಿ, ನಿನ್ನೂರಿನ ಬಸ್ಸು ಹತ್ತಿಸಿದೆ. ಬೇರೆ ಯಾರೂ ನೆನಪಿಗೆ ಬರಲಿಲ್ಲ ಅಕ್ಕಾ. ಕೇಳಿದರೆ ಹೂಂ ಅನ್ನುವವಳು ನೀನೊಬ್ಬಳೇ.

ಈಗ ಒಂದು ವಾರದಿಂದ ಅವನು ಮತ್ತೆ ಬರುತ್ತಿದ್ದ. ಗಲಾಟೆಯಿಲ್ಲ, ಕುಡಿತವಿಲ್ಲ. ಗೇಟಿನ ಎದುರಿಗಿನ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂರುತ್ತಿದ್ದ. ನನ್ನ ನೀರಿನ ಕ್ಯಾನು ಎತ್ತಿ ಕೊಡುವುದು, ಯಾರದೋ ಸ್ಟ್ರೆಚರು ತಳ್ಳುವುದು. "ಪಾಪ, ಎಂಥಾ ಒಳ್ಳೆಯವರು, ಹೆಂಡ್ತಿ ಹೇಳದೆ ಹೋಗ್ಬಿಟ್ಲಂತೆ" ಎಂದು ನರ್ಸುಗಳು ಮರುಗಿದರು. ನಾನು ಹಳೆಯ ನಾಲಗೆ ಹೊರಗೆ ತೆಗೆದು ಬೈದೆ. ಬೈದಷ್ಟೂ ನಗುತ್ತಿದ್ದ. ಪೊಲೀಸರ ಹತ್ತಿರ ಹೋದರೆ, "ಬೆಂಚಿನ ಮೇಲೆ ಕೂರೋದು ತಪ್ಪೇನಮ್ಮಾ?" ಎಂದು ಕೇಳಿದರು. ಅರಚುವವರನ್ನು ಕಂಡರೆ ನನಗೆ ಯಾವತ್ತೂ ಹೆದರಿಕೆಯಿಲ್ಲ, ಇವನ ಮರ್ಯಾದೆ ಕಂಡರೆ ಗೇಟಿನ ಬೀಗವನ್ನು ಎರಡು ಸಲ ಎಳೆದು ನೋಡುತ್ತೇನೆ.

ನಿನ್ನೆ ನೀನು ಕಳಿಸಿದ ಹೊಸ ಕೋಟು ಹಾಕಿಕೊಂಡು ಬಂದಿದ್ದೆ. ಅಳತೆ ಹೇಳಿ ಮಾಡಿಸಿದ ಹಾಗಿದೆ, ಒಳಜೇಬೂ ಅನುಕೂಲ. ಸಂಜೆ ಅವನು ಹತ್ತಿರ ಬಂದು ಕೋಟನ್ನೇ ನೋಡುತ್ತ, "ಕಾಜಾ ಎಷ್ಟು ಚೆನ್ನಾಗಿದೆ ಅಮ್ಮಾ. ಈಗ ಕೈಯಲ್ಲಿ ಯಾರು ಹೊಲೀತಾರೆ? ಯಾರು ಮಾಡಿದ್ದು?" ಎಂದ. ಏನೋ ಒಂದು ಹೇಳಿದೆ. ಆಮೇಲೆ ಅವನ ಅಂಗಿಯ ತೋಳಿನ ತುದಿಗೆ ನನ್ನ ಕಣ್ಣು ಬಿತ್ತು. ಕಾಜಾ ಮುಗಿಯುವಲ್ಲಿ ಸಾಸಿವೆ ಕಾಳಿನಷ್ಟು ಜೋಡಿ ಗಂಟು. ನನ್ನ ಕೋಟು ನೋಡಿಕೊಂಡೆ. ಐದು ಕಾಜಾಗಳಲ್ಲೂ ಅದೇ ಜೋಡಿ ಗಂಟು. ನೀನು ಒಂಟಿ ಗಂಟಿನವಳು, ನನಗೆ ಗೊತ್ತಿಲ್ಲವೇ? ಇವು ಹುಡುಗಿಯ ಕೈಯವು. ಅವನು ತೋಳಿನ ಗಂಟನ್ನು ಹೆಬ್ಬೆರಳಲ್ಲಿ ಸವರಿಕೊಂಡು, "ಬರ್ತೀನಮ್ಮಾ" ಎಂದ. ಇವತ್ತು ಬೆಂಚು ಖಾಲಿಯಿದೆ. ಆ ಬೆಂಚು ಖಾಲಿಯಾಗಲಿ ಎಂದು ಏಳು ದಿನ ದೇವರನ್ನು ಬೇಡಿಕೊಂಡವಳು ನಾನೇ. ಈಗ ಅದನ್ನು ನೋಡಲಾರದೆ ಗೋಡೆಗೆ ಮುಖ ಮಾಡಿ ಕೂತು ಬರೆಯುತ್ತಿದ್ದೇನೆ.

ಒಳ್ಳೆಯವಳಾಗಿರುವುದು ಮೇಲೋ ಕೆಟ್ಟವಳಾಗಿರುವುದು ಮೇಲೋ, ನನ್ನ ಓದಿಗೆ ತಿಳಿಯುತ್ತಿಲ್ಲ. ಕೆಟ್ಟವಳಾಗಿದ್ದಾಗ ಒಬ್ಬ ತಾಯಿ ಮಗಳ ಮುಖ ಕಾಣದೆ ಹೋದಳು. ಒಳ್ಳೆಯವಳಾದಾಗ ಒಬ್ಬ ಮಗಳ ಮುರಿದ ಕೈಯನ್ನು ಅವನ ಕೈಗೇ ಕೊಟ್ಟೆ. ಎರಡು ಸಲವೂ ನಾನು ನೋಡಿದ್ದು ನನ್ನನ್ನೇ, ನನ್ನ ನಿಯಮ, ಆಮೇಲೆ ನನ್ನ ಪುಣ್ಯ. ಒಳಗೆ ಮಲಗಿದ್ದವಳನ್ನು ಒಂದು ಮಾತು ಕೇಳಲಿಲ್ಲ. ಆದ್ದರಿಂದ ಯಾರು ಬಂದರೂ ನೀನು ಮೊದಲು ಅವಳನ್ನು ಕೇಳು.

ನಾನೇ ಈ ಬಸ್ಸು ಹತ್ತಿ ಬರುತ್ತಿದ್ದೆ. ಜೊತೆಯವಳು ರಜೆಯಲ್ಲಿದ್ದಾಳೆ, ರಾತ್ರಿಯವರೆಗೆ ಗೇಟಿಗೆ ನಾನೊಬ್ಬಳೇ, ಆಮೇಲೆ ನಿನ್ನೂರಿಗೆ ಬಸ್ಸಿಲ್ಲ, ಒಳಗೆ ಇಪ್ಪತ್ತೆರಡು ಹೆಂಗಸರಿದ್ದಾರೆ. ನಾಳೆ ಬೆಳಗಿನ ಬಸ್ಸಿಗೆ ಹೊರಟು, ಅವಳನ್ನು ಬೇರೆ ಕಡೆ ಕರೆದುಕೊಂಡು ಹೋಗುತ್ತೇನೆ. ಹುಡುಗಿಗೆ ನನ್ನ ಆಶೀರ್ವಾದ ಹೇಳು, ಹೆದರಿಸಬೇಡ. ದೇವರು ನಿಮ್ಮಿಬ್ಬರ ಬಾಗಿಲಲ್ಲಿ ನಿಂತಿರಲಿ.

ಇಂತಿ ನಿನ್ನ ತಂಗಿ,
ಮುಳ್ಳುಬೇಲಿ

ತಾ.ಕ.: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಇದು ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿದದ್ದು. ಏನೋ ಒಂದು ಹೇಳಿದೆ ಎಂದೆನಲ್ಲ, ಅದು ಸುಳ್ಳು. ನಿನ್ನ ಹೊಲಿಗೆ ಹೊಗಳಿದ ಎಂಬ ಹೆಮ್ಮೆಗೆ, "ನಮ್ಮಕ್ಕ ಹೊಲಿದಿದ್ದು" ಎಂದು ನಿನ್ನ ಊರನ್ನೂ ಗಿರಣಿ ಬೀದಿಯನ್ನೂ ಹೇಳಿಬಿಟ್ಟೆ. ಗಿರಣಿಯವನನ್ನು ಕೇಳಿದರೆ ಮನೆ ತೋರಿಸುತ್ತಾನೆ. ಹಣ್ಣು ತರುತ್ತಾನೆ ಅಕ್ಕಾ, ನಿನ್ನ ಮಂಡಿನೋವು ವಿಚಾರಿಸುತ್ತಾನೆ, "ನಿಮ್ಮ ತಂಗಿ ಕಳಿಸಿದ್ರು" ಎನ್ನುತ್ತಾನೆ. ಕಳ್ಳ ಬಂದು ಕೇಳಿದರೂ ಇವಳು ಹೂಂ ಅಂತಾಳೆ ಎಂದು ಅಮ್ಮ ಹೇಳುತ್ತಿದ್ದಳು, ನೆನಪಿದೆಯಾ? ಇದೊಂದು ರಾತ್ರಿ ಆ ಹೂಂಗೆ ಮೊದಲು ಒಂದು ಊ ಸೇರಿಸಿಕೋ. ಊಹೂಂ. ಈಗಲೇ ಎರಡು ಸಲ ಬಾಯಿಬಿಟ್ಟು ಹೇಳಿ ನೋಡು. ನಾಳೆ ಬಾಗಿಲಲ್ಲಿ ಯಾರಾದರೂ ಸಿಹಿಯಾಗಿ ಕರೆದರೆ ತೆಗೆಯಬೇಡ. ಬೈದರೆ ತೆಗೆ, ಅದು ನಾನು.