ಭೂಮಿ ನಡುಗಿದ ಮರುದಿನ

ಕೂಕಟ್‌ಪಲ್ಲಿ, ಗುರುವಾರ

ವೈನಿಯವರಿಗೆ ಉಮಾ ಮಾಡೋ ನಮಸ್ಕಾರ.

ಫೋನ್ ಮಾಡಿದ್ರ ನನ್ನ ದನಿ ಕೇಳಿ ಗಾಬರಿ ಆಗ್ತೀರಿ ಅಂತ ಕಾರ್ಡ್ ಬರ್ಯಾಕತ್ತೀನಿ. ನಿನ್ನೆ ಮುಂಜಾನೆ ಚಹಾ ಸೋಸೂಮುಂದ ಭೂಮಿ ನಡುಗಿತ್ರಿ. ಏಳನೇ ಅಂತಸ್ತಿನ ಈ ಮನ್ಯಾಗ ತಾಟು ಗಲಗಲ ಅಂದವು. ನಾ ಮೊಮ್ಮಗಳನ್ನ ಎತ್ಕೊಂಡು ಬಾಗಿಲಿಗೆ ಓಡಿದ್ರ, ಮಗಳು ಭಾರ್ಗವಿ ಗಡಿಯಾರ ನೋಡ್ಕೋತ ನಿಂತಿದ್ಲು. ಭೂಕಂಪದ ಆಫೀಸಿನಾಕಿ ಅಲ್ಲೇನ್ರಿ! ನಡುಕ ಎದ್ದದ್ದು ದೂರದ ಮುಲುಗು ಅಡವ್ಯಾಗಂತ. ಸಂಜೀಕ ಕೂಸಿನ್ನ ನನ್ನ ಉಡ್ಯಾಗ ಹಾಕಿ, ಅಲ್ಲಿ ನಡುಕ ಅಳಿಯೋ ಯಂತ್ರ ಹೂಳಾಕ ಹೊಂಟು ನಿಂತ್ಲು.

"ಅಲ್ಲಿ ಮತ್ತ ನಡುಗಿದ್ರ?" ಅಂದೆ.

"ನಡುಗಲಿ ಅಂತನ ಹೋಗಾಕತ್ತೀನಿ ಅವ್ವಾ. ಸಣ್ಣ ನಡುಕ ಸಿಕ್ರ ನೆಲದೊಳಗಿನ ಬಿರುಕು ಎಷ್ಟು ಆಳ ಐತಿ ಅಂತ ತಿಳೀತೈತಿ."

"ದೊಡ್ಡದು ಬಂದ್ರ?"

"ಅದನ್ನ ಮೊದಲ ಹೇಳೋದು ಯಾರಿಗೂ ಬರಂಗಿಲ್ಲ."

ಹೋದಾಗಿಂದ ಆಕಿ ಫೋನ್ ಹತ್ತವಲ್ದು. ಅಡವ್ಯಾಗ ಸಿಗ್ನಲ್ ಇರಂಗಿಲ್ಲ ಅಂತಾರ ಅಳಿಯ. ನನ್ನ ಬಿಪಿ ಗುಳಿಗಿ ತಪ್ಸಿಲ್ಲ. ಕೂಸು ಮಾತ್ರ ಬಾಟ್ಲಿ ಹಾಲು ಒಲ್ಲೆ ಅಂತೈತಿ. ನಿಮ್ಮ ದೇವರ ಮುಂದ ಒಂದು ದೀಪ ಹಚ್ರಿ. ನಾನೂ ಹಚ್ಚೀನಿ, ನಡುಗಲಿ ಅಂತ ಬೇಡ್ಕೋಬೇಕೋ, ಬ್ಯಾಡ ಅಂತ ಬೇಡ್ಕೋಬೇಕೋ ತಿಳೀದ ಸುಮ್ನ ಕೈ ಮುಗಿದೀನಿ.

ಕೂಸು ಎದ್ತು, ಇಲ್ಲಿಗೆ ಮುಗಸ್ತೀನಿ.

ಉಮಾ